ಸಾಲಿ ಎಂದ ತಪ್ಪಿಗೆ

ನಿನಗೆ ಕೆಲಸ ಕೊಡುವುದಿಲ್ಲ ಎಂದು ಇದುವರೆಗೆ ನನಗೆ ಯಾರೂ ಬಾಯಿ ಬಿಟ್ಟು ಹೇಳಿಲ್ಲ. ವಿಜಯಪುರದಲ್ಲಿ ಹಾಗೆ ಹೇಳುವ ರೂಢಿಯೇ ಇಲ್ಲ. "ತಿಳಸ್ತೀವ್ರಿ" ಎನ್ನುತ್ತಾರೆ. ಜೊತೆಗೆ ಅರ್ಧ ಕಪ್ಪು ಚಹಾ ಕೊಟ್ಟು, ಬಿಸಿಲು ಭಾಳ ಅದ, ನೀರು ಕುಡದು ಹೋಗ್ರಿ ಎಂದು ಕಾಳಜಿಯನ್ನೂ ತೋರಿಸುತ್ತಾರೆ. ಆ ಒಂದು ಮಾತನ್ನು ನಂಬಿ ನಾನು ಒಂದು ಬೇಸಿಗೆಯಿಡೀ ಫೋನನ್ನು ಬಚ್ಚಲಮನೆಯ ಕಿಟಕಿಯಲ್ಲಿ ಇಟ್ಟುಕೊಂಡು ಸ್ನಾನ ಮಾಡಿದ್ದೇನೆ. ಎರಡು ಸಲ ಮೈತುಂಬ ಸೋಪು ಹಚ್ಚಿಕೊಂಡೇ ಎತ್ತಿದ್ದೆ. ಎರಡೂ ಸಲ ಸಿಮ್ ಕಂಪನಿಯವರು, ಹೊಸ ಪ್ಲಾನು ಬಂದಿದೆ ಎಂದು.

ನಾನು ಓದಿದ್ದು ಕನ್ನಡ ಎಂ.ಎ., ಅದರ ಮೇಲೆ ಬಿ.ಎಡ್. ತವರು ತಿಕೋಟಾ. ಕೊಟ್ಟ ಮನೆ ವಿಜಯಪುರದ ಜೋರಾಪುರ ಪೇಟೆಯಲ್ಲಿ. ಗಂಡನ ಮನೆಯವರದು ಸಿದ್ಧೇಶ್ವರ ಗುಡಿಯ ಹತ್ತಿರ ಬಾಂಡೆ ಅಂಗಡಿ: ಸ್ಟೀಲಿನ ಕೊಡ, ಡಬ್ಬಿ, ತಾಟು, ತಂಬಿಗೆ. ಮಗಳು ಹುಟ್ಟಿದ ಮೇಲೆ ಐದಾರು ವರ್ಷ ಮನೆಯಲ್ಲೇ ಇದ್ದೆ. ಅವಳು ಒಂದನೆಯ ತರಗತಿಗೆ ಸೇರುವ ವರ್ಷ ಬಂದಾಗ, ನಾನೂ ಇನ್ನು ಕನ್ನಡ ಟೀಚರ್ ಆಗುತ್ತೇನೆ ಎಂದೆ. ಮಾವ ಒಳ್ಳೆಯ ಮನುಷ್ಯ, ಬೇಡ ಎನ್ನಲಿಲ್ಲ. ಗಡುವು ಕೊಟ್ಟರು.

"ಜೂನದಾಗ ಸಾಲಿ ಚಾಲೂ ಆಗೂತನಕ ನೋಡವಾ. ನೌಕರಿ ಸಿಕ್ರ ಛಲೋ ಆತು. ಇಲ್ಲಂದ್ರ ಅಂಗಡ್ಯಾಗ ಕುಂದ್ರು. ಬಾಂಡೆ ನೋಡಾಕ ಬರೂದು ಹೆಣಮಕ್ಕಳು. ಗಲ್ಲಾದ ಮ್ಯಾಲ ಒಬ್ಬ ಹೆಣಮಗಳು ಇದ್ರ ಚಂದ" ಎಂದರು.

ಆ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಜಗಳವಾಡಲಿಕ್ಕೂ ಮನುಷ್ಯ ಜಾಗ ಬಿಟ್ಟಿರಲಿಲ್ಲ. ಇಷ್ಟು ವರ್ಷ ವ್ಯಾಕರಣ, ಛಂದಸ್ಸು ಓದಿದ್ದು ತಾಟಿನ ಅಂಚಿಗೆ ಮದುಮಕ್ಕಳ ಹೆಸರು ಕೊರೆಯಲಿಕ್ಕೇ ಏನು ಎಂದು ಒಳಗೊಳಗೇ ಕುದ್ದೆ.

ಮೊದಲ ಎರಡು ಶಾಲೆಗಳ ವಿಷಯ ಬಿಡಿ, ಅಲ್ಲಿ ಗೇಟಿನ ವಾಚಮನ್ನನೇ ಅರ್ಜಿ ಇಸಿದುಕೊಂಡು ನನ್ನನ್ನು ವಾಪಸು ಕಳಿಸಿದ. ಮೂರನೆಯದು ಊರ ಹೊರಗಿನ ಹೊಸ ಬಡಾವಣೆಯಲ್ಲಿರುವ ಇಂಗ್ಲಿಷ್ ಮಾಧ್ಯಮದ ಶಾಲೆ. ಮಾರ್ಚ್ ತಿಂಗಳಲ್ಲಿ ಕರೆದರು. ಆರನೆಯ ತರಗತಿಗೆ ಒಂದು ಪಾಠ ಮಾಡಿ ತೋರಿಸಿ ಎಂದರು. ಹಿಂದಿನ ಬೆಂಚಿನಲ್ಲಿ ಮುಖ್ಯೋಪಾಧ್ಯಾಯಿನಿ, ಅವರ ಪಕ್ಕದಲ್ಲಿ ಸಂಸ್ಥೆಯ ಸೆಕ್ರೆಟರಿ. ನಾನು ತೆಗೆದುಕೊಂಡದ್ದು ವಿಭಕ್ತಿ ಪ್ರತ್ಯಯ. ಅನ್ನು, ಇಂದ, ಗೆ, ಅಲ್ಲಿ ಎಂದು ಹಲಗೆಯ ಮೇಲೆ ಸಾಲಾಗಿ ಬರೆದೆ. ಮಕ್ಕಳು ಗೋಡೆ ನೋಡಿಕೊಂಡು ಕೂತಿದ್ದರು. ಅದು ತಾವು ದಿನಾ ಆಡುವ ಮಾತೇ ಎಂದು ಅವರಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಹತ್ತು ನಿಮಿಷ ನೋಡಿದೆ, ತಡೆಯಲಾಗಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು ಮುಂದಿನ ಸಾಲಿನ ಹುಡುಗನನ್ನು ಕೇಳಿದೆ.

"ತಮ್ಮಾ, ಮುಂಜಾನೆದ್ದು ಎಲ್ಲಿಗೆ ಬರ್ತಿ?"

"ಸಾಲಿಗೆ ರೀ."

"ಈಗ ಎಲ್ಲಿ ಕುಂತಿ?"

"ಸಾಲ್ಯಾಗ."

"ಗಂಟಿ ಹೊಡದ ಕೂಡಲೇ ಎಲ್ಲಿಂದ ಓಡಿ ಹೋಗ್ತಿ?"

ಇಡೀ ತರಗತಿ ಸಾಲಿಂದ, ಸಾಲಿಂದ ಎಂದು ಕೂಗಿತು. "ಮೂರು ವಿಭಕ್ತಿ ನಿಮಗ ಮೊದಲ ಬರತಿತ್ತಲ್ಲ, ಮತ್ಯಾಕ ಹೆದರಿದ್ರಿ?" ಎಂದೆ. ಆಮೇಲೆ ಸಾಲಿಯ ಪಕ್ಕದಲ್ಲಿ ಶಾಲೆ ಎಂದು ಬರೆದು, ಬರೆಯುವಾಗ ಹೀಗೆ ಬರೆಯಬೇಕು ಎಂದೂ ಹೇಳಿದೆ. ಶಾಲೆಗೆ, ಶಾಲೆಯಲ್ಲಿ, ಶಾಲೆಯಿಂದ. ನಲವತ್ತು ಮಕ್ಕಳು ಬಗ್ಗಿ ಬರೆದುಕೊಂಡರು. ನನ್ನ ಜೀವನದಲ್ಲಿ ಅಂಥ ಪಾಠ ನಾನು ಅದಕ್ಕೂ ಮೊದಲು ಮಾಡಿರಲಿಲ್ಲ.

ಆಫೀಸಿನಲ್ಲಿ ಸೆಕ್ರೆಟರಿ ಚಹಾ ತರಿಸಿದರು. "ಪಾಠ ಭಾಳ ಛಲೋ ಮಾಡಿದ್ರಿ ಮೇಡಂ. ಆದ್ರ ಭಾಷಾ ಸ್ವಲ್ಪ ಹಳ್ಳೀದು ಆತು ನೋಡ್ರಿ. ಸಾಲಿ ಅಂದ್ರಿ. ನಮ್ಮ ಸಾಲ್ಯಾಗ ಅಂಥಾ ಭಾಷಾ ನಡೆಯಂಗಿಲ್ರಿ. ಪಾಲಕರು ಫೋನ್ ಹಚ್ಚಿ ಕೇಳ್ತಾರ. ಇರ್ಲಿ, ತಿಳಸ್ತೀವ್ರಿ."

ಮುಖ್ಯೋಪಾಧ್ಯಾಯಿನಿ ತಮ್ಮ ಕಪ್ಪಿನೊಳಗೇ ನೋಡುತ್ತ ಕೂತರು. ನಾನು "ಆತ್ರಿ ಸರ್" ಎಂದೆ. ಅಷ್ಟೇ ಅಲ್ಲ, ಥ್ಯಾಂಕ್ಸ್ ಎಂದೂ ಹೇಳಿದೆ. ಆಟೋ ಹತ್ತಿ ಅರ್ಧ ದಾರಿಗೆ ಬಂದ ಮೇಲೆ ಆ ಮನುಷ್ಯನ ಮಾತು ಕಿವಿಯಲ್ಲಿ ಮತ್ತೊಮ್ಮೆ ಕೇಳಿಸಿತು. ನಮ್ಮ ಸಾಲ್ಯಾಗ. ಸಪ್ತಮೀ ವಿಭಕ್ತಿ ಸಮೇತ, ಒಂದು ಚೂರೂ ತಪ್ಪಿಲ್ಲದೆ ಆಡಿದ್ದರು. ಆಟೋ ತಿರುಗಿಸಿ ಹೋಗಿ ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ಆ ಹೇಡಿತನಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಹೇಳುವ ಬದಲು ನಾನು ಮಾಡಿದ್ದೇನೆಂದರೆ, ಮರುದಿನದಿಂದ ಮನೆಯಲ್ಲಿ ಪುಸ್ತಕದ ಕನ್ನಡ ಶುರು ಮಾಡಿದೆ. "ಅತ್ತೆ, ಹಾಲು ಉಕ್ಕುತ್ತಿದೆ, ದಯವಿಟ್ಟು ಒಲೆಯನ್ನು ಸ್ವಲ್ಪ ಸಣ್ಣದು ಮಾಡಿ" ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಹಾಲು ಕಟ್ಟೆಯಿಂದ ಕೆಳಗೆ ಇಳಿಯುತ್ತಿತ್ತು. "ಹಾಲ ಉಕ್ತು ಅಂದಿದ್ರ ಆಗ್ತಿತ್ತಲ್ಲ ಬೇ" ಎಂದರು ಅತ್ತೆ, ಅರಿವೆ ತಗೊಂಡು ಒರೆಸುತ್ತ. ಗಂಡ ಊಟಕ್ಕೆ ಕೂತಾಗ ರೇಡಿಯೋದವರ ದನಿ ತೆಗೆದು, "ಮೇಡಂ ಅವರು ಭೋಜನ ಸ್ವೀಕರಿಸುವರೋ, ಇಲ್ಲಾ ರೊಟ್ಟಿ ತಿಂತೀರೋ?" ಎಂದ. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅವತ್ತು ತಾಟು ಸರಿಸಿ ಎದ್ದುಹೋದೆ. ಮಗಳಂತೂ ಅವ್ವನಿಗೆ ಮೈಯಲ್ಲಿ ಆರಾಮಿಲ್ಲ ಎಂದು ಪಕ್ಕದ ಮನೆಯವರಿಗೆ ಹೇಳಿ ಬಂದಿದ್ದಳಂತೆ.

ಹೀಗೆ ತಿಂಗಳ ಮೇಲೆ ತಾಲೀಮು ನಡೆಸಿದ ಮೇಲೆ, ಮೇ ತಿಂಗಳಲ್ಲಿ ಬಬಲೇಶ್ವರದ ಒಂದು ಶಾಲೆಯಿಂದ ಕರೆ ಬಂತು. ಇಸ್ತ್ರಿ ಮಾಡಿದ ಸೀರೆ ಉಟ್ಟು, ಬಸ್ಸಿನಲ್ಲಿ ದಾರಿಯುದ್ದಕ್ಕೂ ಶ, ಷ, ಸ ಎಂದು ನಾಲಿಗೆ ತಿರುಗಿಸುತ್ತ ಹೋದೆ. ಪಕ್ಕದಲ್ಲಿ ಕೂತ ಹೆಂಗಸು ನಾನೇನೋ ಜಪ ಮಾಡುತ್ತಿದ್ದೇನೆ ಎಂದುಕೊಂಡು ಮುಗಿಯುವವರೆಗೆ ಮಾತಾಡಿಸಲಿಲ್ಲ. ಸಂಸ್ಥೆಯ ಚೇರಮನ್ನರು ವಯಸ್ಸಾದವರು, ಹೊಲದಿಂದ ನೇರ ಬಂದ ಹಾಗೆ ಕಾಲಿಗೆ ಮಣ್ಣಿತ್ತು. ಅವರೆದುರು ನಾನು ಶುರು ಮಾಡಿದೆ. "ನನ್ನ ಪ್ರಾಥಮಿಕ ವಿದ್ಯಾಭ್ಯಾಸವು ಸರ್ಕಾರಿ ಶಾಲೆಯಲ್ಲಿ ಆಯಿತು. ಕನ್ನಡ ಬೋಧನೆಯಲ್ಲಿ ನನಗೆ ವಿಶೇಷ ಆಸಕ್ತಿ ಇದೆ."

ಅವರು ಅರ್ಜಿಯಿಂದ ತಲೆ ಎತ್ತಿ ನನ್ನನ್ನು ನೋಡಿದರು. "ನಿಮ್ಮದು ಯಾವೂರ್ರಿ ಅಕ್ಕಾರ?"

"ತಿಕೋಟಾ."

"ತಿಕೋಟಾ ಇಲ್ಲೇ ಐತಲ್ರಿ. ನಮ್ಮ ಬೀಗರೂರು. ಅಲ್ಲಿ ಯಾರೂ ಹಿಂಗ ಮಾತಾಡಂಗಿಲ್ಲ." ಪಕ್ಕದಲ್ಲಿ ಕೂತಿದ್ದವರು ನಕ್ಕರು. "ನಮ್ಮ ಹುಡುಗೋರು ಹೊಲಮನಿ ಮಾಡೋರ ಮಕ್ಕಳು. ಕುರಿ ಕಾಯೋರ ಮಕ್ಕಳೂ ಅದಾರ. ನೀವು ಇಷ್ಟ ಕಡಕ್ ಮಾತಾಡಿದ್ರ ಹೆದರಿ ಬಾಯಿ ಬಿಡಂಗಿಲ್ಲ. ನಮಗ ನಮ್ಮ ಕಡಿ ಮಾತು ಬರೋರು ಬೇಕಾಗಿತ್ತು. ಇರ್ಲಿ ಬಿಡ್ರಿ, ತಿಳಸ್ತೀವಿ."

ಯಪ್ಪಾ, ನಾನೂ ಹೊಲಮನಿ ಮಾಡೋರ ಮಗಳ ಅದೀನಿ ಎಂದು ಅಂದಿದ್ದರೆ ಸಾಕಿತ್ತು. ಆ ಒಂದು ಮಾತಿಗೆ ಅವರು ಖುರ್ಚಿ ಎಳೆದು ಕೂರಿಸಿ, ಯಾರ ಮಗಳು, ಯಾವ ಓಣಿ ಎಂದೆಲ್ಲ ಕೇಳಿ, ಅಲ್ಲೇ ಕೆಲಸ ಕೊಡುತ್ತಿದ್ದರೋ ಏನೋ. ಆ ಮಾತು ಗಂಟಲ ತನಕ ಬಂದಿತ್ತು ಕೂಡ. ಆದರೆ ತಿಂಗಳಿಂದ ಕಷ್ಟಪಟ್ಟು ಅದನ್ನು ನುಂಗಲು ಕಲಿತಿದ್ದೆನಲ್ಲ, ಸರಿಯಾದ ಹೊತ್ತಿಗೆ ನುಂಗಿದೆ. ಬಾಯಿಂದ ಹೊರಗೆ ಬಂದದ್ದು ಧನ್ಯವಾದಗಳು.

ವಾಪಸು ಬಸ್ಸಿನಲ್ಲಿ ಕೂತಾಗ ಮೈಯೆಲ್ಲ ಉರಿಯುತ್ತಿತ್ತು. ಒಬ್ಬರಿಗೆ ನಾನು ಹಳ್ಳಿಯವಳಾದೆ, ಇನ್ನೊಬ್ಬರಿಗೆ ಹಳ್ಳಿಯವಳಾಗಲಿಲ್ಲ. ಇವರಿಬ್ಬರ ನಡುವೆ ಇರುವುದು ಒಂದು ತಾಸಿನ ದಾರಿ. ಇಷ್ಟರೊಳಗೆ ನನ್ನ ನಾಲಿಗೆಯನ್ನು ಎಲ್ಲಿಟ್ಟುಕೊಳ್ಳಬೇಕಿತ್ತು ನಾನು? ಆ ಹೊತ್ತಿಗೆ ಫೋನ್ ಬಂತು. ಅವ್ವ. ನನ್ನ ಅಣ್ಣನಿಗೆ ತಿಕೋಟಾದಲ್ಲಿ ದ್ರಾಕ್ಷಿ ತೋಟವಿದೆ, ಅವ್ವ ಅಲ್ಲಿಯೇ ಶೆಡ್ಡಿನಲ್ಲಿ ಹೆಂಗಸರ ಜೊತೆ ಒಣದ್ರಾಕ್ಷಿ ಆರಿಸುತ್ತ ಕೂತಿದ್ದಳು.

"ಏನಾತು ಬೇ ಯವ್ವಾ? ಆ ಸಾಲ್ಯಾನವರು ಏನಂದ್ರು?"

"ಸಾಲಿ ಅಲ್ಲ" ಎಂದೆ. "ಶಾಲೆ. ಶಾ ಅನ್ನಾಕ ಬರಂಗಿಲ್ಲೇನು ನಿನಗ? ನಿನ್ನ ಬಾಯಾಗಿಂದನ ನನ್ನ ಬಾಯಿಗೆ ಬಂದದ ಇದು. ಇದರ ಸಲುವಾಗೇ ನನಗ ಯಾರೂ ನೌಕರಿ ಕೊಡವಲ್ರು."

ಬಸ್ಸಿನಲ್ಲಿ ನಾಲ್ಕು ಜನ ತಿರುಗಿ ನೋಡಿದರು. ನಾನು ಹೇಳಿದ್ದು ಸುಳ್ಳು, ಹೇಳುತ್ತಿರುವಾಗಲೇ ಅದು ನನಗೆ ಗೊತ್ತಿತ್ತು. ಅರ್ಧ ತಾಸಿನ ಹಿಂದೆ ಕೆಲಸ ಕೈಬಿಟ್ಟಿದ್ದು ಅವ್ವನ ಮಾತು ನನ್ನ ಬಾಯಲ್ಲಿ ಇಲ್ಲದ್ದಕ್ಕೆ.

"ಹಂಗೇನು" ಎಂದಳು ಅವ್ವ. "ಹೊಟ್ಟಿಗೇನರ ತಿಂದಿ ಇಲ್ಲೋ?"

ನಾನು ಫೋನ್ ಇಟ್ಟುಬಿಟ್ಟೆ. ಅವ್ವ ಓದಿದ್ದು ಎರಡನೆಯ ಇಯತ್ತೆ. ಚಿಕ್ಕಂದಿನಲ್ಲಿ ಶಾಲೆಗೆ ಹೋಗುವುದಿಲ್ಲ ಎಂದು ನಾನು ಅತ್ತು ಹೊರಳಾಡಿದರೆ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ತರಗತಿಯೊಳಗೆ ನೂಕಿ, ಹಾಜರಿ ಕರೆಯುವವರೆಗೆ ಕಿಟಕಿಯ ಹೊರಗೆ ನಿಂತಿರುತ್ತಿದ್ದವಳು ಅವಳು. ನಿನ್ನ ಭಾಷೆ ಹಳ್ಳಿಯದು ಎನ್ನುವಾಗ ಆ ಸೆಕ್ರೆಟರಿಯಾದರೂ ನನಗೆ ಚಹಾ ಕೊಟ್ಟು ಮಾತಾಡಿದ್ದರು.

ಎರಡು ದಿನಕ್ಕೊಮ್ಮೆ ಅವ್ವನ ಫೋನ್ ಬರುವುದು ನಿಲ್ಲಲಿಲ್ಲ. ಮೊದಲಿಗೆ ನನಗೆ ಏನೂ ಗೊತ್ತಾಗಲಿಲ್ಲ. "ಅದರದು ಏನಾತು?" ಎನ್ನುತ್ತಿದ್ದಳು. "ಯಾವುದರದು?" ಎಂದರೆ, "ಅದ, ನೀ ಹೋಗಿದ್ದಿಯಲ್ಲ, ಅಲ್ಲಿಂದು." ಇನ್ನೊಂದು ದಿನ, "ಕೂಸಿನ ಹೆಸರ ಹಚ್ಚಿದಿ?" "ಎಲ್ಲಿ?" "ಅಲ್ಲೇ, ಎಲ್ಲಾ ಹುಡುಗೋರು ಹೋಗ್ತಾರಲ್ಲ." ವಯಸ್ಸಾಯಿತು, ಮಾತು ಮರೆಯುತ್ತಾಳೆ ಎಂದುಕೊಂಡೆ. ಮೂರನೆಯ ಸಲ ಹಾಗೇ ಅಂದಾಗ ತಿಳಿಯಿತು. ಆ ಒಂದು ಪದ ಬರುವ ಜಾಗಕ್ಕೆ ಬಂದ ಕೂಡಲೇ ಅವ್ವ ಸುತ್ತು ಹಾಕಿ ಹೋಗುತ್ತಿದ್ದಳು. ನನಗೆ ನಾಚಿಕೆಯಾಯಿತು. ಆದರೂ ಫೋನಿನಲ್ಲಿ ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ, ಊರಿಗೆ ಹೋದಾಗ ಹೇಳಿದರಾಯಿತು ಎಂದು ದಿನ ದೂಡಿದೆ.

ಮತ್ತೆರಡು ಶಾಲೆಗಳು ತಿಳಸ್ತೀವ್ರಿ ಎಂದವು. ಮಾವನ ಗಡುವು ಮುಗಿಯಲು ಒಂದು ದಿನ ಉಳಿದಿತ್ತು. ಅವತ್ತು ರವಿವಾರ. ಮರುದಿನ ಮಗಳು ಮೊದಲ ಸಲ ಒಂದನೆಯ ತರಗತಿಗೆ, ನಾನು ಅಂಗಡಿಗೆ. ಹೊಸ ಚೀಲವನ್ನು ಆಯಿಗೆ, ಎಂದರೆ ನನ್ನ ಅವ್ವನಿಗೆ, ತೋರಿಸಬೇಕು ಎಂದು ಅವಳು ಹಟ ಹಿಡಿದಳು, ಕರೆದುಕೊಂಡು ತಿಕೋಟಾಕ್ಕೆ ಹೋದೆ. ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಮಗಳು ಚೀಲ ಬೆನ್ನಿಗೆ ಹಾಕಿಕೊಂಡು ಎದುರಿಗೆ ನಿಂತು ಒಂದು ಸುತ್ತು ತಿರುಗಿದಳು.

ಅವ್ವ ಹಿಟ್ಟಿನ ಕೈಯನ್ನು ಹಾಗೇ ಮೇಲೆ ಹಿಡಿದಳು. ಆಮೇಲೆ ತುಟಿ ಮುಂದೆ ಮಾಡಿ, ಒಂದೊಂದೇ ಅಕ್ಷರ ಇಡುತ್ತ, "ನಾಳಿಂದ ನಮ್ಮ ಕೂಸು ಶಾ... ಶಾಲಿಗೆ ಹೊಂಟೈತೇನು?" ಎಂದಳು.

ಮಗಳು ಬಿದ್ದು ಬಿದ್ದು ನಕ್ಕಳು. "ಶಾಲಿ ಅಲ್ಲ ಆಯಿ, ಸಾಲಿ."

ಅವ್ವ ಮೊಮ್ಮಗಳ ಕಡೆ ನೋಡಲಿಲ್ಲ. ಸರಿಯಾಯಿತೋ ಇಲ್ಲವೋ ಎಂದು ನನ್ನ ಮುಖ ನೋಡುತ್ತಿದ್ದಳು. ಎಂ.ಎ., ಬಿ.ಎಡ್. ಮಾಡಿದ ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಇಷ್ಟು ದಿನ ಸೆಕ್ರೆಟರಿಯ ಮೇಲೆ, ಚೇರಮನ್ನರ ಮೇಲೆ, ಮಾವನ ಮೇಲೆ ಹಂಚಿಕೊಂಡು ತಿರುಗಿದ ಸಿಟ್ಟೆಲ್ಲ ಆಗ ನನ್ನೊಬ್ಬಳ ಮೇಲೆ ಬಂತು.

"ಸಾಲಿ ಅನ್ನು ಯವ್ವಾ" ಎಂದೆ. "ಕೂಸು ಅಂದದ್ದ ಖರೆ. ನಾ ಅವತ್ತ ಸಿಟ್ಟಿನ್ಯಾಗ ಏನೋ ಅಂದೆ, ತಪ್ಪಾತು. ನೀ ಮೊದಲಿನಂಗ ಸಾಲಿ ಅಂತನ ಅನ್ನು."

ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ಬ್ಯಾಡ ಬಿಡವಾ" ಎಂದಳು. "ನಿನಗ ನೌಕರಿ ಹತ್ತಲಿ, ಆಮ್ಯಾಲ ಅಂತೀನಿ."