ಅಂಗಡಿಗೆ ಬಿಚ್ಚಿಕೊಟ್ಟ ನೂಲುಗಂಟು

ಪುಟ್ಟಿ, ಚಿನ್ನು, ಹೋದ ರಜೆಯಲ್ಲಿ ನೀವಿಬ್ಬರೂ ನನ್ನ ತಗಡಿನ ಪೆಟ್ಟಿಗೆ ತೆಗೆದು, "ಅಮ್ಮಮ್ಮ, ಇದರಲ್ಲಿ ಬಣ್ಣಬಣ್ಣದ ನೂಲಿನ ಗಂಟುಗಳಿದ್ದವಲ್ಲ, ಎಲ್ಲಿ ಹೋದವು?" ಅಂತ ಕೇಳಿದಿರಿ. ಇಲಿ ಕಡಿದವು ಅಂದೆ. ಅದು ಸುಳ್ಳು. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ಹೋದಾಗ ಮೊಳಕಾಲ್ಮೂರಿನ ನಮ್ಮ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇತ್ತು. ಮೈದುನ ಅದನ್ನು ಮುಗಿಸಿಕೊಟ್ಟ. ಚಳ್ಳಕೆರೆಯ ಅಂಗಡಿಗೆ ಅದನ್ನು ಮುಟ್ಟಿಸಲು ನಾನೇ ಬಸ್ಸು ಹತ್ತಿದೆ. ಅಂಗಡಿಯ ಯಜಮಾನರು ನನ್ನನ್ನು ನೋಡಿ, "ಅಕ್ಕ, ಹಳ್ಳಿ ಹೆಣ್ಮಕ್ಳು ನಮ್ಮ ಮೆಟ್ಟಿಲು ಹತ್ತೋಕೆ ಹಿಂಜರೀತಾರೆ. ನೀವು ಹೊತ್ಕೊಂಡು ಹೋದ್ರೆ ಮನೇಲೇ ಬಿಚ್ಚಿ ನೋಡ್ತಾರೆ, ಹೋಗ್ತೀರಾ?" ಅಂದರು. ಅವತ್ತಿನಿಂದ ಹದಿನೇಳು ವರ್ಷ ಸೀರೆಯ ಗಂಟು ಹೊತ್ತು ಹಳ್ಳಿ ತಿರುಗಿದೆ.

ಮಾತೇ ಆಡದವಳು ವ್ಯಾಪಾರ ಹೇಗೆ ಮಾಡಿದಳು ಅಂತ ನಿಮ್ಮಮ್ಮ ಈಗಲೂ ನಗುತ್ತಾಳೆ. ನಾನು ಜಗಲಿಯ ಮೇಲೆ ಗಂಟು ಬಿಚ್ಚಿ ಸುಮ್ಮನೆ ಕೂರುತ್ತಿದ್ದೆ. "ಏನಕ್ಕಾ, ಬಾಯಿ ಬಸ್ಸಲ್ಲೇ ಬಿಟ್ಟು ಬಂದ್ಯಾ?" ಅಂತ ಚುಡಾಯಿಸಿ, ಆಮೇಲೆ ಆ ಮನೆಯ ಹೆಣ್ಣುಮಕ್ಕಳೇ ಮಾತಾಡುತ್ತಿದ್ದರು. ನಾನು ಅವರ ಕೈ ನೋಡುತ್ತಿದ್ದೆ. ಬಾಯಲ್ಲಿ "ನೀಲಿ ಚೆನ್ನಾಗೈತೆ" ಅನ್ನುವಳ ಕೈ ಮೂರು ಸಲ ಕೆಂಪಂಚಿನ ಹಳದಿ ಸೀರೆಗೇ ಹೋಗುತ್ತಿತ್ತು. ಮುಂದಿನ ಸಲ ಹಳದಿಯನ್ನೇ ಮೇಲಿಟ್ಟುಕೊಂಡು ಹೋಗುತ್ತಿದ್ದೆ.

ಕೊಂಡವರಿಗೆ ಸೆರಗಿಗೆ ಕುಚ್ಚು ಕಟ್ಟಿಕೊಡುವವಳೂ ನಾನೇ. ತುದಿಯಲ್ಲಿ ಕತ್ತರಿಸಿದ ನೂಲನ್ನು ಎಸೆಯದೆ, ಮನೆಗೊಂದರಂತೆ ಚಿಂದಿ ಬಟ್ಟೆಯಲ್ಲಿ ಕಟ್ಟಿಡುತ್ತಿದ್ದೆ. ಆ ನೂಲು ಕಂಡರೆ ಸಾಕು, ಯಾರ ಮದುವೆಗೆ ತಗೊಂಡದ್ದು, ಯಾರು ಮುನಿಸಿಕೊಂಡು ಉಡಲೇ ಇಲ್ಲ, ಎಲ್ಲ ನೆನಪಾಗುತ್ತಿತ್ತು. ಪುಸ್ತಕದಲ್ಲಿ ಬರೆದರೆ ಯಾರಾದರೂ ಓದಿಯಾರು. ನೂಲನ್ನು ನಾನೊಬ್ಬಳೇ ಓದಬಲ್ಲೆ. ಒಂದು ಮನೆಯ ಮಾತನ್ನು ಇನ್ನೊಂದು ಮನೆಯಲ್ಲಿ ಆಡಿದವಳಲ್ಲ. ನನ್ನನ್ನು ಒಳಗೆ ಕರೆಯುತ್ತಿದ್ದದ್ದೂ ಅದಕ್ಕೇ.

ಮೂರು ವರ್ಷದ ಹಿಂದೆ ಅಂಗಡಿಯವರು ಆ್ಯಪ್ ಮಾಡಿಸಿದರು. ಅಷ್ಟು ಖರ್ಚು ಯಾಕಣ್ಣ ಅಂದೆ.

"ಕಡ್ಲೆಕಾಯಿ ಮಾರೋಕೆ ಮಂಡಿಗೆ ಬಂದೋರು ಮೊದ್ಲು ನಮ್ಮಂಗಡಿ ಹೊಕ್ಕೇ ಬಸ್ಸು ಹತ್ತೋರು. ಈಗ ಬಸ್ ಸ್ಟ್ಯಾಂಡಾಗೆ ಕೂತು ಫೋನಲ್ಲೇ ಸೀರೆ ನೋಡ್ತಾರೆ. ಎಲ್ಲೆಲ್ಲಿಯವೋ ಕಂಪನಿಗಳು ಅವ್ರ ಅಂಗೈಯಾಗೆ ಬಂದು ಕೂತವೆ. ನಾವು ಇಲ್ಲಿ ದಾರಿ ಕಾಯ್ತಾ ಕೂತ್ರೆ ಆಗ್ತೈತಾ?" ಅಂದರು.

ನ್ಯಾಯದ ಮಾತು ಅನ್ನಿಸಿತು. ಅವರ ಸೊಸೆ ಓದಿದವಳು. ಅವಳು ನನಗೆ ಫೋನು ತೋರಿಸಿದಳು. ಯಾರು ಯಾವ ಸೀರೆಯ ಮೇಲೆ ಎಷ್ಟು ಹೊತ್ತು ನಿಂತರು, ಯಾವುದನ್ನು ಮತ್ತೆ ಮತ್ತೆ ತೆಗೆದರು, ಎಲ್ಲ ಅಂಗಡಿಗೆ ತಿಳಿಯುತ್ತದಂತೆ. ನಾನು ಕೈ ನೋಡುವಂತೆ ಇದು ಬೆರಳು ನೋಡುತ್ತದಲ್ಲ ಅಂದುಕೊಂಡೆ. ಸ್ವಲ್ಪ ಹೆಮ್ಮೆಯೂ ಆಯಿತು.

"ಆದ್ರೆ ಅಮ್ಮ, ಶುರೂಗೆ ಇದಕ್ಕೆ ಏನೂ ಗೊತ್ತಿರಲ್ಲ. ನಿಮಗೆ ಎಲ್ಲಾ ಗೊತ್ತು. ನಿಮ್ಮ ನೂಲು ತರ್ತೀರಾ?" ಅಂದಳು.

ನಾಲ್ಕು ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತೆವು. ಮಂಡಕ್ಕಿ ಕೊಡುವಳು, ಟೀ ತರಿಸುವಳು. ಒಂದೊಂದೇ ಗಂಟು ಬಿಚ್ಚಿಸಿ, ಇದು ಯಾರದು, ಯಾವಾಗ, ಯಾಕೆ ಅಂತ ಕೇಳಿ ಬರೆದುಕೊಳ್ಳುವಳು, ನೂಲಿನ ಫೋಟೋ ತೆಗೆದುಕೊಳ್ಳುವಳು. ನಿಜ ಹೇಳುತ್ತೇನೆ ಮಕ್ಕಳೇ, ನನ್ನ ಜನ್ಮದಲ್ಲಿ ನನ್ನ ಮಾತನ್ನು ಅಷ್ಟು ಹೊತ್ತು ಯಾರೂ ಕೇಳಿರಲಿಲ್ಲ. ಬಾಯಿ ತಾನಾಗಿ ಬಂತು. "ಯಾರ್ಗೂ ಹೇಳಲ್ಲ ಅಲ್ವೇನಮ್ಮ?" ಅಂತ ಒಂದು ಸಲ ಕೇಳಿದೆ. "ನಾನೂ ಹೆಣ್ಣಲ್ವಾ?" ಅಂದಳು.

ಆಮೇಲೆ ಮನೆಮನೆಗೆ ಹೋಗಿ ಆ ಆ್ಯಪನ್ನು ಹಾಕಿಸಿದವಳೂ ನಾನೇ. "ನೀನು ಹೇಳ್ತಿದ್ದೀಯಲ್ಲಕ್ಕ, ಹಾಕು" ಅಂತ ಫೋನನ್ನೇ ನನ್ನ ಕೈಗೆ ಕೊಟ್ಟರು.

ದೊಡ್ಡಉಳ್ಳಾರ್ತಿಯಿಂದ ಆಚೆ, ದನ ಮೇಯುವ ಕಾವಲಿನ ಬೇಲಿ ಪಕ್ಕ ನಡೆದು ಹೋಗುವ ಒಂದು ಊರು. ಯಾವುದು ಅಂತ ಬರೆಯುವುದಿಲ್ಲ. ಅಲ್ಲಿಯ ಒಬ್ಬ ತಾಯಿ ಒಂದು ದಿನ ಬಾಗಿಲು ಮುಂದೆ ಮಾಡಿ, ನನ್ನ ಗಂಟಿನಿಂದ ಹಸಿರು ಸೀರೆ ಎತ್ತಿ ಮಡಿಲಲ್ಲಿಟ್ಟುಕೊಂಡಿದ್ದರು. ಮಗಳಿಗೆ ಮದುವೆಯಾಗಿ ಒಂಬತ್ತು ವರ್ಷಕ್ಕೆ ಬಸಿರು ನಿಂತಿತ್ತು. "ಏಳು ತುಂಬಿದಾಗ ಸೀಮಂತಕ್ಕೆ ತಗೊಂತೀನಿ. ಅಲ್ಲೀತನಕ ನಿನ್ನತ್ರಾನೇ ಇರ್ಲಿ. ಯಾರ್ಗೂ ಹೇಳಿಲ್ಲ ಕಣಕ್ಕ, ಮೂರು ಈಗ" ಅಂದಿದ್ದರು. ನೆನಪಿಗೆ ಅದರಿಂದ ನಾಲ್ಕೆಳೆ ತೆಗೆದಿಟ್ಟಿದ್ದೆ. ಅದೇ ತಿಂಗಳು ಅಂಗಡಿಯ ಆ ಮಧ್ಯಾಹ್ನಗಳಲ್ಲಿ ಆ ನಾಲ್ಕೆಳೆಯ ಕತೆಯನ್ನೂ ಸೊಸೆಗೆ ಹೇಳಿಬಿಟ್ಟೆ, ಆಮೇಲೆ ಆ ತಾಯಿಯ ಫೋನಿಗೂ ಆ್ಯಪ್ ಹಾಕಿಕೊಟ್ಟೆ.

ಮುಂದಿನ ಸಲ ಹೋದಾಗ ಮಗಳು ತವರಿನಲ್ಲಿ ಮಲಗಿದ್ದಳು. ಬಸಿರು ಉಳಿದಿರಲಿಲ್ಲ. "ಆ ಸೀರೆ ಯಾರ್ಗಾದ್ರೂ ಕೊಟ್ಬಿಡು" ಅಂದರು ತಾಯಿ. ನಾನು ಸೀರೆಯನ್ನು ಅಂಗಡಿಗೆ ವಾಪಸ್ಸು ಕೊಟ್ಟು, ಬೇಡವಂತೆ ಅಂದೆ. ಯಾಕೆ ಅಂತ ಹೇಳಲಿಲ್ಲ. ಅದು ಆ ಮನೆಯ ದುಃಖ. ಫೋನಿಗೂ ತಿಳಿಸಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಆ ತಾಯಿ ಮೊದಲು ಬಸಿರಿನ ವಿಷಯ ಹೇಳಿ ನಾಲ್ಕು ತಿಂಗಳಾದ ಮೇಲೆ ಆ ಮನೆಗೆ ಮತ್ತೆ ಹೋದೆ. ನೀರು ಕೊಟ್ಟರು. ನಾನು ಗಂಟಿಗೆ ಕೈ ಹಾಕಿದಾಗ, "ಬಿಚ್ಬೇಡ" ಅಂದರು.

ಆ ತಾಯಿಗೆ ಓದು ಬಾರದು. ಫೋನಿಗೆ ಏನು ಬಂದರೂ ಮಗಳ ಕೈಗೆ ಕೊಟ್ಟು ಓದಿಸುತ್ತಿದ್ದರು. ವಾರದ ಹಿಂದೆ ಟಿಣ್ ಅಂದಿತಂತೆ. "ಏನೈತೆ ನೋಡವ್ವ" ಅಂದರಂತೆ. ಮಗಳು ಓದಿದಳು: "ನಿಮ್ಮ ಮಗಳ ಸೀಮಂತಕ್ಕೆ..." ಅಷ್ಟಕ್ಕೇ ನಿಲ್ಲಿಸಿದಳಂತೆ. ಕೆಳಗೆ ಅದೇ ಹಸಿರು ಸೀರೆಯ ಫೋಟೋ ಇತ್ತು.

"ನೀನು ಹೇಳಿದ್ದು ಹೌದಾ? ಅಷ್ಟು ಹೇಳು ಸಾಕು."

"ಹೌದು."

"ಯಾರ್ಗೆ?"

"ಅಂಗಡಿಗೆ."

ಅವರು ನೀರಿನ ಚೊಂಬನ್ನು ಎತ್ತಿಕೊಂಡರು. "ನಮ್ಮನೆ ಬಸಿರು ಕಟ್ಕೊಂಡು ಅಂಗಡಿಗೇನಾಗ್ಬೇಕಿತ್ತಕ್ಕ?" ಅಂದರು. ಬೈಯಲಿಲ್ಲ. ಒಳಗಿನಿಂದ ಮಗಳು, "ಅವ್ವ, ಸಾಕು ಬಿಡು" ಅಂದಳು. ಹೊರಗೆ ಬರಲಿಲ್ಲ.

ಅಲ್ಲಿಂದ ನೇರ ಚಳ್ಳಕೆರೆಗೆ ಹೋದೆ. ನಾನು ಹೇಳಿದ್ದನ್ನೆಲ್ಲ ಅಳಿಸಿಬಿಡಿ ಅಂದೆ. ಆ ಅಂಗಡಿಯಲ್ಲಿ ಜನರೆದುರು ನಾನು ಗಟ್ಟಿಯಾಗಿ ಮಾತಾಡಿದ್ದು ಅದೊಂದೇ ಸಲ. ಸೊಸೆ ತಲೆ ತಗ್ಗಿಸಿ, "ಆ ಮನೆಗೆ ಮೆಸೇಜು ಹೋಗದಂಗೆ ಮಾಡ್ತೀನಮ್ಮ. ಉಳಿದದ್ದು ಅಳ್ಸೋಕೆ ಮಾವ ಒಪ್ಪಲ್ಲ" ಅಂದಳು.

ಯಜಮಾನರು ಕೋಪ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. "ಅದೊಂದು ಮನೆ ಅಷ್ಟೇ ಅಲ್ವೇನಕ್ಕ? ಉಳಿದೋರು ಖುಷಿಯಾಗಿ ತಗೊಂತಾ ಅವ್ರೆ, ಅವ್ರ ಮನಸ್ನಾಗೆ ಇದ್ದಿದ್ದೇ ಕಳಿಸ್ತೀವಲ್ಲ. ಅದೂ ಅಲ್ದೆ, ಹೇಳ್ದೋರು ನೀವೇ ಅಲ್ವಾ?" ಅಂದರು. ಆಮೇಲೆ ಮೆತ್ತಗೆ, "ಈ ವಯಸ್ನಾಗೆ ಬಿಸಿಲಲ್ಲಿ ಯಾಕೆ ತಿರುಗ್ತೀರಿ, ಇನ್ನು ಆರಾಮಾಗಿರಿ" ಅಂದರು.

ಆಗ ನನಗೆ ತಿಳಿಯಿತು. ಅವರಿಗೆ ಬೇಕಾಗಿದ್ದದ್ದು ಆ ನಾಲ್ಕು ಮಧ್ಯಾಹ್ನದಲ್ಲೇ ಮುಗಿದಿತ್ತು. ಹದಿನೇಳು ವರ್ಷ ಅಕ್ಕ ಅಂತ ಕರೆದವರು.

ಮರುದಿನದಿಂದ ನೂಲಿನ ಗಂಟುಗಳನ್ನು ಚೀಲಕ್ಕೆ ಹಾಕಿಕೊಂಡು ಮನೆಮನೆಗೆ ಹೋದೆ. ನಿಮ್ಮ ಮನೆಯ ವಿಷಯ ಅಂಗಡಿಗೆ ಹೇಳಿದ್ದೇನೆ, ತಪ್ಪಾಯಿತು, ಇಗೋ ನಿಮ್ಮ ನೂಲು ಅಂದೆ. ಕೆಲವರು, "ಈ ಕಸ ಕೊಡೋಕೆ ಬಸ್ ಚಾರ್ಜು ಹಾಕ್ಕೊಂಡು ಬಂದ್ಯಾ?" ಅಂತ ನಕ್ಕರು. ಕೆಲವರು ತಗೊಂಡು ಒಳಗೆ ಹೋದವರು ಮತ್ತೆ ಬರಲಿಲ್ಲ. ಒಬ್ಬಳು ಫೋನು ತಂದು, "ತೆಗ್ದಾಕು, ನೀನೇ ಹಾಕ್ದೋಳು" ಅಂದಳು. ನನಗೆ ತೆಗೆಯಲು ಬರುತ್ತಿರಲಿಲ್ಲ, ಹಾಕುವುದನ್ನಷ್ಟೇ ಕಲಿಸಿದ್ದರು.

ಕಾವಲಿನ ಪಕ್ಕದ ಆ ಮನೆಯಲ್ಲಿ ಈ ಸಲ ಮಗಳೇ ಬಾಗಿಲಿಗೆ ಬಂದಳು. ನಾಲ್ಕು ಹಸಿರೆಳೆಗಳನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದಳು. "ಇದನ್ನ ಯಾರಾದ್ರೂ ಫೋಟೋ ತೆಗ್ದವ್ರಾ?" ಅಂತ ಕೇಳಿದಳು. ತೆಗೆದಿದ್ದಾರೆ ಅಂದೆ. ಮುಷ್ಟಿ ಮುಚ್ಚಿಕೊಂಡು ಒಳಗೆ ಹೋದಳು.

ಪೆಟ್ಟಿಗೆ ಖಾಲಿಯಾದದ್ದು ಹೀಗೆ. ಇಲ್ಲಿ ಯಾರ ಹೆಸರನ್ನೂ ಬೇಕಂತಲೇ ಬರೆದಿಲ್ಲ, ನಿಮ್ಮನ್ನು ಕರೆಯುವ ಮುದ್ದಿನ ಹೆಸರು ಬಿಟ್ಟು. ಈ ಹಾಳೆಗಳನ್ನು ಆ ಪೆಟ್ಟಿಗೆಯಲ್ಲೇ, ನಿಮ್ಮ ತಾತನ ಕೊನೆಯ ಸೀರೆ ಸುತ್ತಿದ್ದ ಬಟ್ಟೆಯೊಳಗೆ ಇಡಿ. ಓದಬೇಕು ಅನ್ನಿಸಿದಾಗ ತೆಗೆದು ಓದಿ ಮತ್ತೆ ಅಲ್ಲೇ ಮಡಿಸಿಡಿ. ಫೋಟೋ ಮಾತ್ರ ತೆಗೆಯಬೇಡಿ.