ನಿರ್ವಾಹಕರನ್ನು ಸಂಪರ್ಕಿಸಿ

ಗೆಳೆಯರೇ, ಇಂದು ರಾಣೇಬೆನ್ನೂರಿನ ಕಚೇರಿಯೊಂದರ ಕೌಂಟರಿನ ಸಾಲಿನಲ್ಲಿ ನನ್ನ ಮುಂದೆ ಕುಪ್ಪೇಲೂರಿನ ಮಹಿಳೆಯೊಬ್ಬರು ನಿಂತಿದ್ದರು. ಮಗಳ ಹಾಸ್ಟೆಲ್ ಅರ್ಜಿಗೆ ಜಾತಿ ಪ್ರಮಾಣಪತ್ರ ಬೇಕಿತ್ತು. ಇಂದೇ ಕೊನೆಯ ದಿನ. ಕಂಪ್ಯೂಟರ್ ಹೇಳಿದ್ದು: "ದೋಷ ಉಂಟಾಗಿದೆ. ನಿರ್ವಾಹಕರನ್ನು ಸಂಪರ್ಕಿಸಿ."

ಆಪರೇಟರ್ ತನ್ನ ಹಳೆಯ ನೋಟ್‌ಬುಕ್ ತೋರಿಸಿದ. "ಮೊದಲ ಇಂಗ್ಲಿಷ್‌ನ್ಯಾಗ ಒಂದು ನಂಬರ್ ಬರ್ತಿತ್ರಿ. ಹದಿನೇಳು ಅಂದ್ರ ತಂದಿ ಹೆಸರು ಖಾಲಿ ಐತಿ ಅಂತ. ಎಲ್ಲಾ ಬರಕೊಂಡೇನಿ. ಜನರಿಗೆ ತಿಳಿಯಂಗಿಲ್ಲಂತ ಹೋದ ವಾರ ನಂಬರ್ ತಗದು ಕನ್ನಡ ಹಾಕ್ಯಾರ."

ಒಳ್ಳೆಯ ಕನ್ನಡವೇ. ಅಕ್ಷರದೋಷವೂ ಇಲ್ಲ. ಏನು ತಪ್ಪಾಗಿದೆ ಎಂಬುದನ್ನು ಮಾತ್ರ ಅನುವಾದಿಸಿಲ್ಲ.

ಆಕೆ ಕೇಳಿದರು: "ನಿರ್ವಾಹಕರು ಅಂದ್ರ ಯಾರ್ರಿ?"

"ನಾನ ರೀ, ಅಕ್ಕಾರ."

"ಹಂಗಾರ ನಿಮ್ಮನ್ನ ನೀವ ಸಂಪರ್ಕ ಮಾಡ್ರಿ. ನಾ ಇಲ್ಲೇ ಕುಂದಿರತೇನಿ."

ಐದೂವರೆಗೆ ಕಚೇರಿಯ ಬಾಗಿಲು ಹಾಕುವವರೆಗೂ ಆತ ತನಗೆ ತಾನೇ ಸಿಕ್ಕಿರಲಿಲ್ಲ.