ಅರ್ಧ ಓದಿದ ಕಾಗದ

ಹೋದ ವಾರ ಸವಣೂರಿನ ಪೇಟೆಯಿಂದ ಖಾರಾ ಕಟ್ಟಿಸಿಕೊಂಡು ಬಂದೆ. ಪೊಟ್ಟಣ ಇನ್ನೂ ಬೆಚ್ಚಗಿತ್ತು. ಬಿಚ್ಚಿದೊಡನೆ ಕರಿದ ಕಡಲೆಹಿಟ್ಟಿನ, ಬೆಳ್ಳುಳ್ಳಿಯ ವಾಸನೆ. ಅದರಡಿಯಲ್ಲಿ ದಿನಪತ್ರಿಕೆಯ ಹಾಳೆ. ಅಕ್ಷರ ಕಂಡಲ್ಲಿ ಓದುವುದು ನನ್ನ ಚಟ. ಒಂದು ಸಣ್ಣ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಲೇ ಮುದುಕನಾದವನು ನಾನು. ಖಾರಾ ಸರಿಸಿ ಓದಿದೆ: ‘ತರಂಗಗುಚ್ಛ ಪರವಾನಗಿ ಮುಕ್ತ’. ಅದರ ಮುಂದೆ ಎಣ್ಣೆ ಹಬ್ಬಿತ್ತು. ಇನ್ನೊಂದೆರಡು ಅಕ್ಷರ ಇದ್ದವೋ, ಅಷ್ಟೇ ಇದ್ದದ್ದೋ ಕಾಣಲಿಲ್ಲ.

ಖಾರಾ ಹಾಗೇ ಬಿಟ್ಟು, ಆ ಪತ್ರಿಕೆಯ ಇನ್ನೊಂದು ಪ್ರತಿ ಹುಡುಕಲು ಅಂಗಡಿಗೆ ಮರಳಿ ಹೊರಟೆ.

ಗಾಳಿಯಲ್ಲಿ ರೇಡಿಯೋ, ಟಿ.ವಿ., ಫೋನು ಓಡಾಡುವ ದಾರಿಗಳಿಗೆಲ್ಲ ಸೇರಿ ತರಂಗಗುಚ್ಛ ಎಂದು ಹೆಸರು. ದಾರಿ ಸರಕಾರದ್ದು, ಬಹುಪಾಲು ದಾರಿಗಳನ್ನು ಪರವಾನಗಿ ಇಲ್ಲದೆ ತುಳಿಯುವಂತಿಲ್ಲ. ಇದನ್ನು ನನಗೆ ತಿಳಿಸಿದವರು ಓದು ಬಾರದ ಒಬ್ಬ ಮನುಷ್ಯ. ಮುದ್ರಣಾಲಯದ ಎದುರಿಗೆ ಅವರದು ಟಿ.ವಿ. ಆಂಟೆನಾ ರಿಪೇರಿಯ ಅಂಗಡಿ. ಇಡೀ ಪೇಟೆ ಅವರನ್ನು ಚಾಚಾ ಅನ್ನುತ್ತಿತ್ತು, ನಾನೂ. ಅವರು ನನ್ನನ್ನು ರಾಯರ ಅನ್ನುತ್ತಿದ್ದರು. ಬೆಸುಗೆ ಹಾಕಿ ಹಾಕಿ ಅವರ ಹೆಬ್ಬೆರಳಿನ ಗೆರೆಗಳೆಲ್ಲ ಸುಟ್ಟು ನುಣ್ಣಗಾಗಿದ್ದವು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮಷೀನು ಅವರನ್ನು ಗುರುತಿಸುತ್ತಿರಲಿಲ್ಲ. “ಮಷೀನಿನ ಲೆಕ್ಕದಾಗ ನಾ ಹುಟ್ಟೇ ಇಲ್ಲ” ಎಂದು ನಗುತ್ತಿದ್ದರು.

ಬಂದ ಕಾಗದಗಳನ್ನು ನಾನೇ ಅವರಿಗೆ ಓದಿ ಹೇಳುತ್ತಿದ್ದೆ. “ರಾಯರ, ನನಗ ಅಕ್ಷರ ಬರೂದಿಲ್ಲ, ನಿಮಗ ಅಕ್ಷರ ಬಿಟ್ಟು ಬ್ಯಾರೇನೂ ಬರೂದಿಲ್ಲ. ಇಬ್ಬರೂ ಕೂಡಿದ್ರ ಒಬ್ಬ ಪೂರಾ ಮನಷ್ಯಾ ಆಗ್ತೇವಿ.”

ಅವರ ಕಸುಬು ಮುಳುಗಿ ಆಗಲೇ ಬಹಳ ದಿನವಾಗಿತ್ತು. ಮನೆಮನೆಗೆ ತಟ್ಟೆ ಆಂಟೆನಾ ಬಂದಿತ್ತು. ಆದರೂ ಅವರು ಬಾಗಿಲು ತೆರೆದು ಕೂರುತ್ತಿದ್ದರು… ಅಥವಾ ಕೂರುತ್ತಿದ್ದರು ಎಂದು ಈಗ ನಾನು ಅಂದುಕೊಂಡಿದ್ದೇನೆ. ಮುಚ್ಚಿದ ಬಾಗಿಲಿನ ಚಿತ್ರವೂ ಒಂದು ತಲೆಯಲ್ಲಿದೆ. ಎರಡರಲ್ಲಿ ಯಾವುದನ್ನೂ ನಂಬಲಾರೆ.

ಆಗ ದೂರದ ಒಂದು ಇಂಜಿನಿಯರಿಂಗ್ ಕಾಲೇಜಿನವರು ಅವರನ್ನು ಹುಡುಕಿಕೊಂಡು ಬಂದರು. ಹುಲಗೂರಿನಿಂದಾಚೆ, ಮಡ್ಡಿ ಎನ್ನುವ ಬೋಳು ದಿಬ್ಬದ ಹಿಂದಿನ ತಗ್ಗಿನಲ್ಲಿ ಒಂದು ಊರು. ಮಡ್ಡಿಯ ಈಚೆಯ ತನಕ ನೆಲದೊಳಗೆ ಇಂಟರ್‌ನೆಟ್ ಕೇಬಲ್ಲು ಬಂದಿತ್ತು, ಮಡ್ಡಿ ದಾಟಿರಲಿಲ್ಲ. ಫೋನಿನ ಸಿಗ್ನಲ್ಲೂ ಮೇಲೆಯೇ ಹಾದುಹೋಗುತ್ತಿತ್ತು. ರೇಷನ್ ತಗೊಳ್ಳಲು ಜನ ಮಡ್ಡಿ ಹತ್ತಬೇಕು. ಅಂಗಡಿಯವನು ಮಷೀನು ಹಿಡಿದು ಮುಂದೆ, ಮುದುಕರು, ಬಾಣಂತಿಯರು ಹಿಂದೆ. ಮೇಲೆ ಹೆಬ್ಬೆಟ್ಟು ಒತ್ತಿ, ಕೆಳಗಿಳಿದು ಅಕ್ಕಿ ಒಯ್ಯಬೇಕು. ಹತ್ತಲಾರದವರಿಗೆ ಆ ತಿಂಗಳು ಅಕ್ಕಿಯಿಲ್ಲ.

ಕಾಲೇಜಿನವರ ವಿಚಾರ ಸರಳವಾಗಿತ್ತು. ಟಿ.ವಿ.ಗೆಂದು ಇಟ್ಟ ಎಷ್ಟೋ ಚಾನೆಲ್ಲುಗಳು ಖಾಲಿ ಬಿದ್ದಿವೆ. ಅವುಗಳ ತರಂಗ ಗಿಡಮರಕ್ಕೆ ಹೆದರುವುದಿಲ್ಲ, ದಿಬ್ಬವನ್ನೂ ಬಳಸಿಕೊಂಡು ಹೋಗುತ್ತದೆ. ಅದರ ಮೇಲೆ ಇಂಟರ್‌ನೆಟ್ ಕಳಿಸಿ ನೋಡಲು ಸರಕಾರ ಕೆಲವು ತಿಂಗಳ ಪ್ರಾಯೋಗಿಕ ಪರವಾನಗಿ ಕೊಟ್ಟಿತ್ತು.

ಚಾಚಾ ಬಿದ್ದು ಬಿದ್ದು ನಕ್ಕರು. “ಖಾಲಿ ಚಾನೆಲ್ ಯಾವ್ಯಾವು ಅಂತ ನನ್ನ ಕೇಳ್ರಿ. ಅರ್ಧ ಆಯುಷ್ಯ ಅದರಾಗ ಬರೇ ಚುಕ್ಕಿ ನೋಡೇನಿ.”

ಕಾಲೇಜಿನವರು ಉಪಕರಣ ಹಿಡಿದು ಎರಡು ದಿನ ಒದ್ದಾಡಿದ ಆಂಟೆನಾ ಕಂಬವನ್ನು ಅವರು ಕೈಯಿಂದ ನಾಲ್ಕು ಬೆರಳಷ್ಟು ತಿರುಗಿಸಿದರು. ರೇಷನ್ ಅಂಗಡಿಯ ಮಷೀನಿನಲ್ಲಿ ಹಸಿರು ದೀಪ ಹತ್ತಿತು. ಅವತ್ತು ಮಡ್ಡಿ ಹತ್ತದೆ ಅಕ್ಕಿ ಪಡೆದ ಮುದುಕಿಯೊಬ್ಬಳು ಚಾಚಾನ ಕೈ ಹಿಡಿದು, “ಯಪ್ಪಾ, ನನ್ನ ಮೊಣಕಾಲು ನಿನಗ ಶರಣ ಅಂತಾವ” ಅಂದಳು. ಸಾಯುವ ತನಕ ಈ ದೀಪ ಆರಗೊಡುವುದಿಲ್ಲ ಎಂದು ಚಾಚಾ ಅಲ್ಲೇ ಮಾತು ಕೊಟ್ಟುಬಿಟ್ಟರು.

ಹೊರಡುವಾಗ ಕಾಲೇಜಿನವರು ಹೇಳಿದ್ದು ಎರಡೇ ಮಾತು. ಈ ಚಾನೆಲ್ಲುಗಳನ್ನು ಸರಕಾರ ಪರವಾನಗಿ ಮುಕ್ತ ಮಾಡಿದರೆ ಯಾರು ಬೇಕಾದರೂ ನಡೆಸಬಹುದು. ಇಲ್ಲವಾದರೆ ಎಲ್ಲ ಬಿಚ್ಚಬೇಕು. ಅಂದಿನಿಂದ ದಿನಾ ಬೆಳಿಗ್ಗೆ ಚಾಚಾ ರಸ್ತೆ ದಾಟಿ ಬಂದು ಕೇಳುತ್ತಿದ್ದರು. “ಪೇಪರ್‌ದಾಗ ಬಂತೇನ್ರಿ? ಮುಕ್ತ ಆತೇನ್ರಿ?” ಕೇಳಿಸಿಕೊಂಡು ಕೇಳಿಸಿಕೊಂಡು ಆ ಶಬ್ದ ನನ್ನ ಕಣ್ಣಿನೊಳಗೇ ಕೂತಿತ್ತು.

ಸರಕಾರದ ಕಾಗದ ಬಂದದ್ದು ಲಗ್ನಗಳ ಕಾಲದಲ್ಲಿ. ಮೇಜಿನ ಮೇಲೆ ಲಗ್ನಪತ್ರಿಕೆಗಳ ರಾಶಿ. ಚಾಚಾ ಲಕೋಟೆ ಒಡೆದು ನನ್ನ ಮೂಗಿನಡಿ ಹಿಡಿದರು.

ಇದನ್ನು ನಾನು ನನಗೇ ಹಲವು ಬಗೆಯಲ್ಲಿ ಹೇಳಿಕೊಂಡಿದ್ದೇನೆ. ಒಂದರಲ್ಲಿ ಕಾಗದ ಮಳೆಯಲ್ಲಿ ತೊಯ್ದಿರುತ್ತದೆ. ಇನ್ನೊಂದರಲ್ಲಿ ನಾನು ಸರಿಯಾಗಿಯೇ ಓದುತ್ತೇನೆ, ಮುದ್ರಣಯಂತ್ರದ ಸದ್ದಿನಲ್ಲಿ ಚಾಚಾ ತಪ್ಪು ಕೇಳಿಸಿಕೊಳ್ಳುತ್ತಾರೆ. ಎರಡೂ ಸುಳ್ಳು. ಕಾಗದ ತೊಯ್ದಿರಲಿಲ್ಲ, ಅಚ್ಚು ಸ್ಪಷ್ಟವಿತ್ತು. ‘ಪರವಾನಗಿ ಮುಕ್ತಾಯವಾಗಿರುವುದರಿಂದ ಸಂಬಂಧಿಸಿದವರು ಸೂಕ್ತ ಕ್ರಮ ಕೈಗೊಳ್ಳುವುದು.’ ನಾನು ಪೆನ್ನು ಸಹ ಕೆಳಗಿಡದೆ ಒಮ್ಮೆ ಕಣ್ಣು ಹಾಯಿಸಿ, “ಪರವಾನಗಿ ಮುಕ್ತ ಆಗೇದ ಚಾಚಾ, ಮುಂದಿಂದು ನೀವ ನೋಡಿಕೊಳ್ಳಬೇಕಂತ” ಅಂದೆ. ಪರವಾನಗಿ ಮುಗಿದಿತ್ತು. ನಾನು ಅದು ಬೇಕಾಗಿಲ್ಲ ಎಂದು ಓದಿದ್ದೆ.

ಚಾಚಾ ಇಡೀ ಪೇಟೆಗೆ ಚಹಾ ಕುಡಿಸಿದರು. ಸೂಕ್ತ ಕ್ರಮವನ್ನೂ ಕೈಗೊಂಡರು: ಮಡ್ಡಿಯಾಚೆಯ ಊರಿನ ಶಾಲೆಯ ಮೇಲೆ ಇನ್ನೊಂದು ಆಂಟೆನಾ ನಿಲ್ಲಿಸಿದರು.

ಎಷ್ಟು ತಿಂಗಳು ಕಳೆದವೋ… ಒಂದು ಮಧ್ಯಾಹ್ನ ಅವರ ಜೊತೆ ನಾನೂ ಆ ಊರಿಗೆ ಹೋಗಿದ್ದೆ. ನೆತ್ತಿಯ ಮೇಲೆ ಆಂಟೆನಾ ಹೊತ್ತ ಜೀಪೊಂದು ರೇಷನ್ ಅಂಗಡಿಯ ಮುಂದೆ ನಿಂತಿತು. ತರಂಗ ಯಾವ ಕಡೆಯಿಂದ ಹೊರಡುತ್ತದೆಂದು ಪತ್ತೆ ಹಚ್ಚುವ ಜೀಪು. ಚಾಚಾ ಅದನ್ನು ಸುತ್ತು ಹಾಕಿ ನೋಡಿ, “ಸಾಹೇಬ್ರ, ನಿಮ್ಮ ಆಂಟೆನಾದ ಬುಡದಾಗ ನಟ್ ಸಡ್ಲ ಆಗೇತ್ರಿ, ಪಾನಾ ಕೊಡ್ಲ್ಯಾ?” ಅಂದರು.

ಅಧಿಕಾರಿ ನಗಲಿಲ್ಲ. “ಇದನ್ನ ನಡೆಸ್ತಿರೋದು ಯಾರು?”

“ನಾನ್ರಿ.”

“ಪರವಾನಗಿ ಎಲ್ಲಿ?”

“ಮುಕ್ತ ಆಗೇತಲ್ರಿ.” ಚಾಚಾ ಅಂಗಿಯ ಕಿಸೆಯಿಂದ ಆ ಕಾಗದವನ್ನು ಹೆಮ್ಮೆಯಿಂದ ತೆಗೆದು ಕೊಟ್ಟರು. ಅದನ್ನು ಮಡಿಚಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಜೊತೆಗೇ ಇಟ್ಟುಕೊಂಡಿದ್ದರು.

ಅಧಿಕಾರಿ ಗಟ್ಟಿಯಾಗಿ ಓದಿದರು. ಮುಕ್ತಾಯ. ಆ ‘ಯ’ ನನ್ನ ಎದೆಗೆ ಬಂದು ಬಡಿಯಿತು.

“ಇದನ್ನ ನಿಮಗೆ ಓದಿ ಹೇಳಿದ್ದು ಯಾರು?”

ಚಾಚಾ ನನ್ನ ಕಡೆ ನೋಡಲಿಲ್ಲ. ಅದೊಂದು ಮಾತ್ರ ನನಗೆ ಖಾತ್ರಿಯಾಗಿ ನೆನಪಿದೆ. ಒಮ್ಮೆಯೂ ನೋಡಲಿಲ್ಲ.

“ನಾನ ಓದೇನ್ರಿ.”

“ಕನ್ನಡ ಬರುತ್ತಾ ನಿಮಗೆ?”

“ಅರ್ಧಾ ಬರ್ತೇತ್ರಿ. ಅದಕ್ಕ ಅರ್ಧಾ ಓದೇನಿ.”

ಯಾರೋ ನಕ್ಕರು. ನಾನು ಬಾಯಿ ತೆರೆಯಬೇಕಿತ್ತು. ನಾಲಿಗೆ ಇತ್ತು, ಮಾತಿತ್ತು, ಸಮಯವೂ ಇತ್ತು. ಅಷ್ಟರಲ್ಲಿ ಅಧಿಕಾರಿ, ಪಂಚನಾಮೆಗೆ ಓದುಬರಹ ಬಲ್ಲ ಸಾಕ್ಷಿ ಬೇಕು ಅಂದರು. ಎಲ್ಲರೂ ನನ್ನತ್ತ ಕೈ ತೋರಿಸಿದರು. ಬರೆದ ಕಾಗದ ನನ್ನ ಕೈಗೆ ಬಂತು. ‘ತರಂಗಗುಚ್ಚ’ ಎಂದಿತ್ತು. ನಾನು, “ಒತ್ತಕ್ಷರಕ್ಕೆ ಮಹಾಪ್ರಾಣ ಬೇಕು” ಎಂದು ತಿದ್ದಿ ಸಹಿ ಹಾಕಿದೆ. ಅವತ್ತು ಆ ಅಂಗಳದಲ್ಲಿ ನಾನು ಆಡಿದ್ದು ಅದೊಂದೇ ಮಾತು.

ಕನ್ನಡ ಓದಬಲ್ಲೆ ಎಂದ ಮನುಷ್ಯ ನನ್ನ ಸಹಿಯ ಕೆಳಗೆ ಹೆಬ್ಬೆಟ್ಟು ಒತ್ತಿದರು. ಯಾರೂ ಪ್ರಶ್ನೆ ಮಾಡಲಿಲ್ಲ. ಅದರಲ್ಲಿ ಒಂದು ಗೆರೆಯೂ ಮೂಡಲಿಲ್ಲ. ಬರೀ ನೀಲಿ ಕಲೆ.

ಬಸ್ಸಿನಲ್ಲಿ ಮರಳುವಾಗ ಅವರು, “ಅಕ್ಷರದಾಗ ತಪ್ಪ ಮಾಡ್ಯಾರ ಅಂದ್ರ ನಿಮಗ ಕೆಲಸಾ ಕೊಡಾವ್ರು ಯಾರ್ರಿ ರಾಯರ? ನಂದು ಹೆಂಗೂ ಮುಗದೇತಿ” ಅಂದರು. ಅಂದರೋ, ಅಥವಾ ನಾನು ನಿದ್ದೆ ಮಾಡಲೆಂದು ಆಮೇಲೆ ಈ ಮಾತನ್ನು ಅವರ ಬಾಯಲ್ಲಿ ಇಟ್ಟೆನೋ… ಇಬ್ಬರೂ ಸವಣೂರಿನ ತನಕ ಸುಮ್ಮನೆ ಕೂತು ಬಂದಿರಲೂಬಹುದು.

ಆಂಟೆನಾಗಳು ಜೀಪಿನಲ್ಲಿ ಹೋದವು. ಚಾಚಾ ಕೋರ್ಟಿಗೆ ಅಲೆದರು, ಅಂಗಡಿ ಬಿಟ್ಟು ಹಾನಗಲ್ಲಿನ ಮಗಳ ಮನೆ ಸೇರಿದರು, ಪ್ರಕರಣ ಮುಗಿಯುವ ಮೊದಲೇ ತೀರಿಕೊಂಡರು. ನಾನು ಮಣ್ಣಿಗೂ ಹೋಗಲಿಲ್ಲ. ಸುದ್ದಿ ತಡವಾಗಿ ಮುಟ್ಟಿತು ಎಂದು ಎಲ್ಲರಿಗೂ ಹೇಳಿದೆ. ಸುದ್ದಿ ಸಮಯಕ್ಕೆ ಸರಿಯಾಗಿಯೇ ಮುಟ್ಟಿತ್ತು.

ಹೋದ ವಾರ ಖಾರಾದ ಅಂಗಡಿಯಲ್ಲಿ, ಪೊಟ್ಟಣ ಕಟ್ಟಿದ್ದ ಆ ಪತ್ರಿಕೆಯ ಇನ್ನೊಂದು ಪ್ರತಿ ಸಿಕ್ಕಿತು. ಶಬ್ದ ಮುಕ್ತ ಎಂದೇ ಇತ್ತು, ಆದರೆ ಮನೆಯೊಳಗಿನ ವೈಫೈಗೆ ಮಾತ್ರ. ನಾಲ್ಕು ಗೋಡೆಯೊಳಗೆ ಮುಕ್ತ. ಮಡ್ಡಿ ದಾಟಲು ಅಲ್ಲ. ಟಿ.ವಿ.ಯ ಆ ಹಳೆಯ ದಾರಿಗಳಲ್ಲಿ ಕೆಲವನ್ನು ಸರಕಾರ ದೊಡ್ಡ ಫೋನ್ ಕಂಪನಿಗಳಿಗೆಂದು ಹರಾಜಿಗೆ ಇಟ್ಟಾಗ ಕೊಳ್ಳುವವರೇ ಬರಲಿಲ್ಲ ಎಂದು ಹಿಂದೊಮ್ಮೆ ಓದಿದ್ದೆ. ಅವತ್ತೂ ಖಾಲಿ, ಆಮೇಲೂ ಖಾಲಿ. ಯಾರ ದಾರಿಗೆ ಅಡ್ಡ ಬಂದರೆಂದು ಆ ಮನುಷ್ಯನನ್ನು ಹಿಡಿದರು?

ಮರುದಿನ ಬಸ್ಸು ಹಿಡಿದು ಆ ಊರಿಗೆ ಹೋದೆ. ರೇಷನ್ ಕೊಡುವ ದಿನವಾಗಿತ್ತು. ಜನ ಮಡ್ಡಿಯ ಮೇಲೆ ಸಾಲಾಗಿ ಕೂತಿದ್ದರು. ಅದೇ ಅಂಗಡಿಯವನು, ತಲೆ ನೆರೆತಿದೆ, ಮಷೀನನ್ನು ಎರಡೂ ಕೈಯಿಂದ ಮೇಲೆತ್ತಿ ನಿಂತಿದ್ದ. ಏರು ಹತ್ತಿ ನನಗೆ ಉಸಿರು ಕಟ್ಟಿತ್ತು. ಹೇಳಲೆಂದು ಬಂದದ್ದನ್ನು ಹೇಳಿಬಿಟ್ಟೆ.

“ಅವತ್ತು ಆ ಕಾಗದಾ ಓದಿದಾಂವ ನಾನಪಾ. ಚಾಚಾ ಅಲ್ಲ.”

ಅವನು ಮಷೀನಿನಿಂದ ಕಣ್ಣು ತೆಗೆಯಲಿಲ್ಲ.

“ಗೊತ್ತೇತ್ರಿ. ಊರಿಗೆಲ್ಲಾ ಗೊತ್ತೇತಿ. ಚಾಚಾಗ ಕನ್ನಡ ಎಲ್ಲಿ ಬರ್ತಿತ್ರಿ? ಯಾರೂ ಬಾಯಿ ಬಿಡಬ್ಯಾಡ್ರಿ ಅಂದಿದ್ರು, ಬಿಡಲಿಲ್ಲ.”

ನಾನು ಏನೋ ಹೇಳಹೋದೆ. ಮುಂದಿನ ಮುದುಕಿ ಹೆಬ್ಬೆರಳು ಚಾಚಿ ಕಾಯುತ್ತಿದ್ದಳು.

“ಸ್ವಲ್ಪ ಆಕಡೆ ಸರೀರಿ ರಾಯರ,” ಅಂದ. “ಸಿಗ್ನಲ್ಲಿಗೆ ಅಡ್ಡ ನಿಂತೀರಿ.”